ಗೆಲ್ಲುವ ಹಂಗಿಲ್ಲದ ಆಟಗಳು

ಯಾರ್ಕ್‌ಶೈರಿನಲ್ಲಿ ಜನವರಿಯ ಸಂಜೆ ಎಂದರೆ ನಾಲ್ಕೂವರೆಗೆಲ್ಲ ಕತ್ತಲು. ಹನ್ನೆರಡು ಗಂಟೆಗಳ ಆನ್-ಕಾಲ್ ಮುಗಿಸಿ ಮನೆ ಸೇರಿದರೂ ಮನಸ್ಸು ವಾರ್ಡಿನಲ್ಲೇ ಉಳಿದಿರುತ್ತದೆ. ಆರನೆಯ ಹಾಸಿಗೆಯ ವೃದ್ಧರ ಪೊಟ್ಯಾಸಿಯಂ ಮಟ್ಟವನ್ನು ಮತ್ತೊಮ್ಮೆ ಪರೀಕ್ಷಿಸಲು ಹೇಳಿದೆನೇ? ಮೂಲೆಯ ಕೋಣೆಯ ಮಹಿಳೆಯ ಮಗಳಿಗೆ ಫೋನ್ ಮಾಡಿದೆನೇ? ವೈದ್ಯವೃತ್ತಿಯಲ್ಲಿರುವವರಿಗೆಲ್ಲ ಈ ಪ್ರಶ್ನೆಗಳು ಪರಿಚಿತವೇ. ಆದರೆ ಕೆಲವು ವರ್ಷಗಳ ಹಿಂದೆ ನನ್ನ ಪಾಲಿಗೆ ಅವು ಎಲ್ಲೆ ಮೀರಿದವು. ರಾತ್ರಿ ಎರಡಕ್ಕೆ ಎಚ್ಚರಗೊಂಡು, ಅಡುಗೆಮನೆಯ ದೀಪ ಹಾಕಿಕೊಂಡು, ವಾರ್ಡಿಗೆ ಫೋನ್ ಮಾಡುವ ಅಭ್ಯಾಸ ಅಂಟಿಕೊಂಡಿತು. ನಿದ್ರೆಯ ಮಹತ್ವವನ್ನು ರೋಗಿಗಳಿಗೆ ಬೋಧಿಸುವವನಿಗೇ ನಿದ್ರೆ ದೂರವಾಗಿತ್ತು. ಧ್ಯಾನಕ್ಕೆ ಕುಳಿತರೆ, ಮುಚ್ಚಿದ ಕಣ್ಣಿನೊಳಗೆ ಎಕ್ಸ್-ರೇಗಳು ತೆರೆದುಕೊಳ್ಳುತ್ತಿದ್ದವು.

ಇದಕ್ಕೆ ಮದ್ದು ತಂದವನು ನನ್ನ ಮಗ. ತಂದದ್ದು ವಿಡಿಯೊ ಗೇಮ್.

ಇಲ್ಲೊಂದು ಹಳೆಯ ಲೆಕ್ಕವಿದೆ. ಅವನು ಹದಿನೈದರ ಹುಡುಗನಾಗಿದ್ದಾಗ, ಜಿಸಿಎಸ್‌ಇ ಪರೀಕ್ಷೆಯ ವರ್ಷ, ಅವನ ಆಟದ ಯಂತ್ರವನ್ನು ಕಿತ್ತು ಬೀರುವಿನಲ್ಲಿಟ್ಟು ಬೀಗ ಹಾಕಿದ್ದೆ. ಅವನು ಜಗಳವಾಡಲಿಲ್ಲ, ನನ್ನೊಡನೆ ಮಾತು ಕಡಿಮೆ ಮಾಡಿದ. ಅಂಕಗಳು ಬಂದವು, ಮಾತು ಮರಳಿ ಬರಲಿಲ್ಲ. ಎಂಜಿನಿಯರಾಗಿ ಬ್ರಿಸ್ಟಲ್ ಸೇರಿದ ಮೇಲೂ ಅವನ ಫೋನ್ ಬರುತ್ತಿದ್ದುದು ಅಮ್ಮನಿಗೇ. ಕ್ರಿಸ್‌ಮಸ್ ರಜೆಗೆ ಬಂದವನು ಒಂದು ರಾತ್ರಿ ನೀರು ಕುಡಿಯಲೆಂದು ಕೆಳಗಿಳಿದು ಬಂದು, ಅಡುಗೆಮನೆಯಲ್ಲಿ ಫೋನ್ ಹಿಡಿದು ಕುಳಿತ ನನ್ನನ್ನು ಕಂಡ. ಆಗ ಏನೂ ಹೇಳಲಿಲ್ಲ. ಮರುದಿನ ನಿಂಟೆಂಡೊ ಸ್ವಿಚ್ ಎಂಬ ಪುಟ್ಟ ಯಂತ್ರವನ್ನು ಕೈಗಿತ್ತು, "ಅಪ್ಪಾ, ಇದರಲ್ಲಿ ಯಾರೂ ಸಾಯೋದಿಲ್ಲ. ಸುಮ್ಮನೆ ಆಡಿ ನೋಡಿ" ಎಂದ.

ಅವನು ಹಾಕಿಕೊಟ್ಟದ್ದು 'ಸ್ಟಾರ್‌ಡ್ಯೂ ವ್ಯಾಲಿ'. ಎರಿಕ್ ಬರೋನ್ ಎಂಬ ಅಮೆರಿಕದ ಯುವಕ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಒಬ್ಬನೇ ಕುಳಿತು, ಚಿತ್ರ, ಸಂಗೀತ, ಕಥೆ ಎಲ್ಲವನ್ನೂ ತಾನೇ ರಚಿಸಿ 2016ರಲ್ಲಿ ಬಿಡುಗಡೆ ಮಾಡಿದ ಆಟವಿದು. ಕಚೇರಿಯ ಕೆಲಸದಿಂದ ಬಸವಳಿದವನೊಬ್ಬ, ಅಜ್ಜ ಬಿಟ್ಟುಹೋದ ಹಾಳುಬಿದ್ದ ಹೊಲಕ್ಕೆ ಮರಳಿ ಬೇಸಾಯ ಆರಂಭಿಸುತ್ತಾನೆ. ಊರಿನಲ್ಲಿ ಪಾಳುಬಿದ್ದ ಗದ್ದೆಯಿರುವ ಅನಿವಾಸಿಗೆ ಇದಕ್ಕಿಂತ ಹತ್ತಿರದ ಕಥೆ ಇನ್ನೇನು ಬೇಕು?

ಆದರೆ ನಾನು ಮಾಡಿದ್ದೇನು? ಯಾವ ಬೆಳೆ ಎಷ್ಟು ದಿನಕ್ಕೆ ಕೊಯ್ಲಿಗೆ ಬರುತ್ತದೆ, ಯಾವುದರಲ್ಲಿ ಲಾಭ ಹೆಚ್ಚು ಎಂದು ಕಾಗದದ ಮೇಲೆ ಪಟ್ಟಿ ಬರೆಯಲಾರಂಭಿಸಿದೆ. ಆಟದಲ್ಲಿನ ಒಂದು ದಿನ ನಮ್ಮ ಸುಮಾರು ಹದಿನಾಲ್ಕು ನಿಮಿಷಗಳಲ್ಲಿ ಕಳೆದುಹೋಗುತ್ತದೆ. ಆ ಗಡಿಯಾರದೊಡನೆ ಓಟಕ್ಕಿಳಿದೆ. ರಾತ್ರಿ ಎರಡರೊಳಗೆ ಮಲಗದಿದ್ದರೆ ಆಟದ ರೈತ ಕುಸಿದು ಬೀಳುತ್ತಾನೆ. ನನ್ನ ರೈತ ಹಲವು ಬಾರಿ ಬಿದ್ದ. ಪಟ್ಟಿಯನ್ನು ನೋಡಿದ ಮಗ ನಕ್ಕು, "ಅಪ್ಪಾ, ನೀವು ಇಲ್ಲೂ ವಾರ್ಡ್ ರೌಂಡ್ ಮಾಡ್ತಿದ್ದೀರಿ" ಎಂದ. ಆಟ ಮೃದುವಾಗಿದ್ದರೆ ಸಾಲದು, ಆಡುವವನೂ ಸಡಿಲಗೊಳ್ಳಬೇಕು ಎಂಬುದು ಆಗ ಅರಿವಾಯಿತು.

ಹೀಗಾಗಿ ಆ ಹೊಲವನ್ನು ಕೆಲಕಾಲ ಬದಿಗಿಟ್ಟು, ಗಡಿಯಾರವೇ ಇಲ್ಲದ ಆಟವೊಂದನ್ನು ಅವನು ಆರಿಸಿಕೊಟ್ಟ. 2019ರಲ್ಲಿ ಬಂದ 'ಎ ಶಾರ್ಟ್ ಹೈಕ್' ಕೆನಡಾದ ಆಡಮ್ ರಾಬಿನ್ಸನ್-ಯು ಅವರ ರಚನೆ. ಕ್ಲೇರ್ ಎಂಬ ಎಳೆಯ ಹಕ್ಕಿಗೆ ಒಂದು ಮುಖ್ಯವಾದ ಕರೆ ಬರಬೇಕಾಗಿದೆ. ಆದರೆ ಫೋನಿಗೆ ಸಿಗ್ನಲ್ ಸಿಗುವುದು ಬೆಟ್ಟದ ತುದಿಯಲ್ಲಿ ಮಾತ್ರ. ದಾರಿಯಲ್ಲಿ ಮೀನು ಹಿಡಿಯಬಹುದು, ಅಪರಿಚಿತರೊಡನೆ ಹರಟಬಹುದು, ರೆಕ್ಕೆ ಬಿಚ್ಚಿ ತೇಲಬಹುದು. ಬಿದ್ದರೆ ಪೆಟ್ಟಿಲ್ಲ, ತಡವಾದರೆ ದಂಡವಿಲ್ಲ. ಎರಡು ಸಂಜೆಗಳಲ್ಲಿ ತುದಿ ತಲುಪಿದೆ. ಅಲ್ಲಿ ಬಂದ ಕರೆ, ಶಸ್ತ್ರಚಿಕಿತ್ಸೆ ಮುಗಿಸಿಕೊಂಡ ತಾಯಿಯದು; ತಾನು ಚೆನ್ನಾಗಿದ್ದೇನೆ ಎನ್ನುತ್ತಾಳೆ. ಮೂವತ್ತು ವರ್ಷಗಳಿಂದ ಅಂಥ ಕರೆಗಳ ಈಚೆಯ ತುದಿಯಲ್ಲಿ ನಿಂತು ಸುದ್ದಿ ತಿಳಿಸುತ್ತಾ ಬಂದವನು ನಾನು. ಆಚೆಯ ತುದಿಯಲ್ಲಿ ಕಾಯುವವರು ಹೇಗೆ ಹೊತ್ತು ಕಳೆಯುತ್ತಾರೆಂದು ಒಂದು ಆಟ ತೋರಿಸೀತೆಂದು ಎಣಿಸಿರಲಿಲ್ಲ. ಅಂದು ರಾತ್ರಿ ಕಣ್ಣು ಒದ್ದೆಯಾಗಿತ್ತು. ಆದರೆ ನಿದ್ರೆ ಬೆಳಗಿನವರೆಗೂ ಬಂತು.

ನನ್ನ ಪತ್ನಿಗೆ ಹಿಡಿಸಿದ್ದು 'ಅನ್‌ಪ್ಯಾಕಿಂಗ್'. ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ರೂಪುಗೊಂಡು 2021ರಲ್ಲಿ ಬಂದ ಈ ಆಟದಲ್ಲಿ ಮಾಡಬೇಕಾದುದು ಇಷ್ಟೇ: ಒಬ್ಬ ಹೆಣ್ಣುಮಗಳು ಮನೆ ಬದಲಿಸಿದಾಗಲೆಲ್ಲ ಪೆಟ್ಟಿಗೆ ಬಿಚ್ಚಿ ಸಾಮಾನು ಜೋಡಿಸುವುದು. ಒಂದು ಮನೆಯಲ್ಲಿ ಅವಳ ಪದವಿಯ ಪ್ರಮಾಣಪತ್ರಕ್ಕೆ ಗೋಡೆಯ ಮೇಲೆ ಜಾಗವಿಲ್ಲ, ಮಂಚದ ಕೆಳಗೆ ತಳ್ಳಬೇಕು. ಪತ್ನಿ ಅಲ್ಲಿ ಕೈ ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಳು. ಅವಳ ಎಂ.ಎಸ್‌ಸಿ. ಪ್ರಮಾಣಪತ್ರವೂ ಈ ದೇಶಕ್ಕೆ ಬಂದಾಗಿನಿಂದ ಸೂಟ್‌ಕೇಸಿನಲ್ಲೇ ಇತ್ತು. ಈಗ ಅದು ನಮ್ಮ ನಡುಮನೆಯ ಗೋಡೆಯಲ್ಲಿದೆ.

ಇದೆಲ್ಲ ನಮ್ಮವರಿಗೆ ಹೊಸತೇನೂ ಅಲ್ಲ. ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ ಮಳೆ ಹಿಡಿದ ಮಧ್ಯಾಹ್ನಗಳಲ್ಲಿ ಅಜ್ಜಿ ಅಳಗುಳಿ ಮಣೆಯನ್ನು ಅಟ್ಟದಿಂದ ಇಳಿಸುತ್ತಿದ್ದರು. ಎರಡು ಸಾಲು, ಏಳೇಳು ಗುಳಿ, ಹಿಡಿ ಹುಣಿಸೆ ಬೀಜ. ಯಾರು ಗೆದ್ದರೆಂಬುದು ಒಂದಾಟದ್ದೂ ನೆನಪಿಲ್ಲ. ಬೀಜಗಳು ಗುಳಿಗೆ ಬೀಳುವ ಸದ್ದು ನೆನಪಿದೆ. ಕೈಗೆ ಹಗುರ ಕೆಲಸ, ಮನಸ್ಸಿಗೆ ಬಿಡುವು.

ವೈದ್ಯವಿಜ್ಞಾನವೂ ಇತ್ತ ಗಮನ ಹರಿಸಿದೆ. ಆಕ್ಸ್‌ಫರ್ಡ್‌ನ ಆಸ್ಪತ್ರೆಯೊಂದರ ತುರ್ತು ಚಿಕಿತ್ಸಾ ವಿಭಾಗದಲ್ಲಿ, ವಾಹನ ಅಪಘಾತಕ್ಕೀಡಾಗಿ ಬಂದ 71 ಮಂದಿಯ ಮೇಲೆ ನಡೆದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಅಪಘಾತದ ದೃಶ್ಯವನ್ನು ಒಮ್ಮೆ ಸ್ಮರಿಸಿಕೊಂಡು 'ಟೆಟ್ರಿಸ್' ಆಡಿದವರನ್ನು, ಮುಂದಿನ ಒಂದು ವಾರ ಆ ಭೀಕರ ನೆನಪುಗಳು ಉಳಿದವರಿಗಿಂತ ಕಡಿಮೆ ಬಾರಿ ಕಾಡಿದವು. ಆಕಾರಗಳನ್ನು ಹೊಂದಿಸುವ ಕೆಲಸ ಮನಸ್ಸಿನ ದೃಶ್ಯಪಟಲವನ್ನು ಆಕ್ರಮಿಸುವುದರಿಂದ, ಬೇಡದ ಚಿತ್ರಗಳು ಬೇರೂರಲು ಎಡೆ ಸಿಗುವುದಿಲ್ಲ ಎಂಬುದು ಅದರ ಹಿಂದಿನ ತರ್ಕ. ಇದು ಚಿಕಿತ್ಸೆಗೆ ಬದಲಿಯಲ್ಲ. ಆದರೆ ಆಟವೆಂದರೆ ಕಾಲಹರಣವೆಂಬ ನನ್ನ ತೀರ್ಪನ್ನು ಮರುಪರಿಶೀಲಿಸಲು ಸಾಕು.

ಆಯ್ಕೆ ಮಾಡುವಾಗ ನಾನು ಕೇಳಿಕೊಳ್ಳುವ ಪ್ರಶ್ನೆಗಳು ನಾಲ್ಕು. ಸಮಯದ ಗಡುವು ಇದೆಯೇ? ಸೋತರೆ ಕಳೆದುಕೊಳ್ಳುವುದೇನು? ಬೇಕೆಂದಾಗ ನಿಲ್ಲಿಸಿ ಏಳಬಹುದೇ? ಆಡುತ್ತಿರುವಾಗ ಮತ್ತೆ ಹಣ ಕೇಳುತ್ತದೆಯೇ? ಮೊಬೈಲಿನ ಅನೇಕ ಉಚಿತ ಆಟಗಳು ಕೊನೆಯ ಪ್ರಶ್ನೆಯಲ್ಲೇ ಅನುತ್ತೀರ್ಣ. ಜಾಹೀರಾತು ತೋರಿಸಿ, ದಿನಕ್ಕೊಂದು ಬಹುಮಾನದ ಆಸೆ ಹುಟ್ಟಿಸಿ ಮತ್ತೆ ಮತ್ತೆ ಕರೆಯುವ ಆಟ ವಿಶ್ರಾಂತಿಯಲ್ಲ, ಅದು ಇನ್ನೊಂದು ಆನ್-ಕಾಲ್. ನಿಯಮಗಳು ಎರಡು: ಅರ್ಧ ಗಂಟೆಯ ಮಿತಿ, ಮತ್ತು ಹಾಸಿಗೆಗೆ ಯಂತ್ರ ಒಯ್ಯದಿರುವುದು.

ವೈದ್ಯನಾಗಿ ಎಚ್ಚರಿಕೆಯ ಮಾತನ್ನೂ ಹೇಳಲೇಬೇಕು. ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದ ಹನ್ನೊಂದನೆಯ ಆವೃತ್ತಿ 2022ರಿಂದ ಜಾರಿಯಲ್ಲಿದ್ದು, ಗೇಮಿಂಗ್ ವ್ಯಸನವನ್ನು ಕಾಯಿಲೆಯೆಂದೇ ಗುರುತಿಸುತ್ತದೆ. ಹತೋಟಿ ತಪ್ಪುವುದು, ಬದುಕಿನ ಉಳಿದೆಲ್ಲಕ್ಕಿಂತ ಆಟವೇ ಮುಖ್ಯವಾಗುವುದು, ಹಾನಿ ಕಂಡರೂ ಬಿಡಲಾಗದಿರುವುದು ಅದರ ಲಕ್ಷಣಗಳು. ಹದಿನೈದರ ನನ್ನ ಮಗನಲ್ಲಿ ಇವುಗಳಲ್ಲಿ ಒಂದೂ ಇರಲಿಲ್ಲ. ಪರೀಕ್ಷಿಸದೆ ರೋಗನಿರ್ಣಯ ಮಾಡಿದ್ದೆ. ಯಾವ ಕಿರಿಯ ವೈದ್ಯನಲ್ಲೂ ನಾನು ಕ್ಷಮಿಸದ ತಪ್ಪು ಅದು.

ಈಗ ಭಾನುವಾರದ ಸಂಜೆ ಅವನು ಬ್ರಿಸ್ಟಲ್‌ನಲ್ಲಿ, ನಾನು ಇಲ್ಲಿ, ಒಂದೇ ಹೊಲದಲ್ಲಿ ಕೆಲಸ ಮಾಡುತ್ತೇವೆ. ಫೋನಿನಲ್ಲಿ ಮಾತು ನಡೆದಿರುತ್ತದೆ. ಪಟ್ಟಿ ಬರೆಯುವುದನ್ನು ಬಿಟ್ಟಿದ್ದೇನೆ. ಹೋದ ವಾರ ಧೈರ್ಯ ಮಾಡಿ, "ಅವತ್ತು ನಿನ್ನ ಆಟ ಕಿತ್ತುಕೊಂಡದ್ದು ತಪ್ಪಾಯಿತಪ್ಪ" ಎಂದೆ. ಆ ತುದಿಯಲ್ಲಿ ಕೊಂಚ ಹೊತ್ತು ಮೌನ. ಆಮೇಲೆ ಅವನೆಂದ: "ಅಪ್ಪಾ, ಮಳೆ ಬರ್ತಿದೆ ನೋಡಿ. ಇವತ್ತು ಗಿಡಗಳಿಗೆ ನೀರು ಹಾಕೋದು ಬೇಡ. ಬನ್ನಿ, ಮೀನು ಹಿಡಿಯೋಣ."