ಈಡಾದ ಮೇಲೆ ಸೀಸ ಎಲ್ಲಿಗೆ ಹೋಗುತ್ತದೆ?

ಬೆಳೆರಕ್ಷಣೆಗೆಂದು ಲೈಸೆನ್ಸಿನ ಕೋವಿ ಇಟ್ಟುಕೊಂಡವರಿಗೆ ಚರೆ ಗೊತ್ತು. ಸೀಸ ಅಗ್ಗ, ಭಾರ, ಬೇಗ ಕರಗುತ್ತದೆ. ಹಾರಿಸಿದ ಮೇಲೆ ಅದೇನಾಯಿತೆಂದು ಮಾತ್ರ ನಾವು ಯೋಚಿಸುವುದಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದವರು ಯೋಚಿಸಬೇಕಾಯಿತು. ಕಾರಣ, ಅಲ್ಲಿನ ರಣಹದ್ದು ಕಾಂಡರ್.

ರೆಕ್ಕೆ ಬಿಚ್ಚಿದರೆ ಒಂಬತ್ತೂವರೆ ಅಡಿಯ ಹಕ್ಕಿ. 1982ರಲ್ಲಿ ಉಳಿದಿದ್ದದ್ದು ಬರೇ 22. 1987ರ ಹೊತ್ತಿಗೆ ಎಲ್ಲವನ್ನೂ ಹಿಡಿದು, ಸಾಕಿ, ಮರಿ ಮಾಡಿಸಿ 1992ರಿಂದ ಮತ್ತೆ ಕಾಡಿಗೆ ಬಿಟ್ಟರು. ಬಿಟ್ಟವು ಒಂದೊಂದಾಗಿ ಸಾಯತೊಡಗಿದವು. ರಕ್ತ ಪರೀಕ್ಷಿಸಿದರೆ ಸೀಸ!

ಅಲ್ಲಿ ಜಿಂಕೆ, ಹಂದಿ ಬೇಟೆಗೆ ಕಾನೂನಿನ ಒಪ್ಪಿಗೆ ಉಂಟು. ಹೊಡೆದವರು ಮಾಂಸ ಒಯ್ದು ಕರುಳು-ಪಚ್ಚಿಯನ್ನು ಅಲ್ಲೇ ಬಿಡುತ್ತಾರೆ. ರೈಫಲಿನ ಸೀಸದ ಗುಂಡು ಆ ವೇಗದಲ್ಲಿ ಮೈಗೆ ಹೊಕ್ಕಾಗ ಒಡೆದು ಚೂರಾಗುತ್ತದೆ. ಎಕ್ಸ್‌ರೇಯಲ್ಲಿ ಗಾಯದಿಂದ ಗೇಣು ದೂರದಲ್ಲೂ ಬಿಳಿ ಚುಕ್ಕೆ ಕಾಣುತ್ತದೆ. ಕೆಲವಂತೂ ಸಾಸಿವೆಗಿಂತ ಸಣ್ಣವು. ಎಲುಬನ್ನೇ ಕರಗಿಸುವ ಕಾಂಡರಿನ ಹೊಟ್ಟೆಗೆ ಸೀಸ ಯಾವ ಲೆಕ್ಕ? ನರ ಸೋಲುತ್ತದೆ, ತಿಂದದ್ದು ಕೆಳಗಿಳಿಯುವುದಿಲ್ಲ, ಹಕ್ಕಿ ಹೊಟ್ಟೆ ತುಂಬಿದ್ದೂ ಉಪವಾಸ ಸಾಯುತ್ತದೆ.

ಮನುಷ್ಯರ ಪಾಲಿಗೆ? 2008ರಲ್ಲಿ ಉತ್ತರ ಡಕೋಟಾ ರಾಜ್ಯದಲ್ಲಿ ಬಡವರಿಗೆ ದಾನ ಬಂದ ಜಿಂಕೆ ಮಾಂಸದಲ್ಲಿ ಸೀಸದ ಚೂರು ಸಿಕ್ಕಿತು. 700ಕ್ಕೂ ಹೆಚ್ಚು ಮಂದಿಯ ರಕ್ತ ನೋಡಿದಾಗ ಬೇಟೆ ಮಾಂಸ ತಿನ್ನುವವರಲ್ಲಿ ಸೀಸ ತುಸು ಜಾಸ್ತಿ. ಅಂದಿನ ಅಪಾಯದ ಗೆರೆ ಯಾರೂ ದಾಟಿರಲಿಲ್ಲ, ಅದನ್ನೂ ಹೇಳಬೇಕು. ಆದರೆ ಮಕ್ಕಳ ಮಟ್ಟಿಗೆ 'ಇಷ್ಟು ಸೀಸ ಅಡ್ಡಿಯಿಲ್ಲ' ಎಂಬ ಅಳತೆಯೇ ಇಲ್ಲ.

2019ರ ಜುಲೈ 1ರಿಂದ ಕ್ಯಾಲಿಫೋರ್ನಿಯಾದಲ್ಲಿ ಯಾವ ಕಾಡುಪ್ರಾಣಿಗೂ ಸೀಸದ ಗುಂಡು ಹೊಡೆಯುವಂತಿಲ್ಲ. ಹೊಲದಲ್ಲಿ ಬಿಲ ತೋಡುವ ಅಳಿಲನ್ನು ಹೊಡೆಯುವ ರೈತನಿಗೂ ಇದೇ ಕಾನೂನು. ಬದಲಿಗೆ ತಾಮ್ರ. ಅದು ಮೈಯೊಳಗೆ ಹೂವಿನಂತೆ ಅರಳುತ್ತದೆ, ಚೂರಾಗುವುದು ತೀರಾ ಕಡಿಮೆ. ಆದರೆ ದುಬಾರಿ, ಸಣ್ಣ ರೈಫಲಿಗೆ ಸಿಗುವುದೂ ಕಷ್ಟ. ಅಲ್ಲಿನ ರೈತರು ಗೊಣಗಿದ್ದರೆ ತಪ್ಪು ಹೇಳಲಾರೆ. ತೂಕದ ತಾಪತ್ರಯವೂ ಉಂಟು: ಒಂದೇ ಗಾತ್ರದ ಸೀಸ 11 ಗ್ರಾಂ ತೂಗಿದರೆ ತಾಮ್ರ 9, ಉಕ್ಕು 8. ಹಾಗಾಗಿ ಉಕ್ಕಿನ ಚರೆ ಒಂದೆರಡು ನಂಬರು ದಪ್ಪದ್ದೇ ಬೇಕು. ಅದು ಗಡಸು, ಹಳೇ ನಳಿಗೆಯನ್ನು ಹಾಳುಮಾಡೀತು.

ನಮ್ಮಲ್ಲಿ 1972ರ ಕಾಯಿದೆ ಬೇಟೆಯನ್ನು ನಿಷೇಧಿಸಿದೆ. ಹಾಗೆಂದು ಮಂಗ ಓಡಿಸಲು ಹಾರಿಸಿದ ಚರೆ ಎಲ್ಲಾದರೂ ಬೀಳಲೇಬೇಕಲ್ಲ? ಕೋಳಿ, ಬಾತು ಕಾಳು ಅರೆಯಲಿಕ್ಕೆ ಹರಳು ನುಂಗುತ್ತವೆ. ಚರೆಗೂ ಹರಳಿಗೂ ಅವಕ್ಕೆ ವ್ಯತ್ಯಾಸ ತಿಳಿಯದು. ಅಮೆರಿಕದಲ್ಲಿ ಕಾಡುಬಾತುಗಳು ಹೀಗೇ ಕೆರೆತಳದ ಚರೆ ನುಂಗಿ ಸತ್ತು, 1991ರಿಂದ ನೀರುಹಕ್ಕಿ ಬೇಟೆಗೆ ಸೀಸದ ಚರೆ ದೇಶವಿಡೀ ನಿಂತಿತು. ಕೋವಿ ಎತ್ತುವ ಮೊದಲು ಬಾತು ಮೇಯುವ ಗದ್ದೆ, ಕೋಳಿ ಕೆದಕುವ ಅಂಗಳ ಯಾವ ಬದಿಗಿದೆ ಎಂದೊಮ್ಮೆ ನೋಡಿಕೊಳ್ಳಿ.