ಒಂದೇ ಹಾಳೆಯ ಪತ್ರಿಕೆ

ಆಡಂ ಸ್ಮಿತ್ 1776ರಲ್ಲಿ ಪ್ರಕಟಿಸಿದ ತನ್ನ ಮಹಾಗ್ರಂಥದಲ್ಲಿ ಗುಂಡುಸೂಜಿ ಕಾರ್ಖಾನೆಯೊಂದನ್ನು ವರ್ಣಿಸುತ್ತಾನೆ. ಸುಮಾರು 18 ಹಂತಗಳ ಕೆಲಸವನ್ನು ಹತ್ತು ಮಂದಿ ಹಂಚಿಕೊಂಡು ದಿನಕ್ಕೆ 48,000 ಸೂಜಿಗಳನ್ನು ತಯಾರಿಸುತ್ತಿದ್ದರಂತೆ. ಶ್ರಮವಿಭಜನೆಯ ಈ ಪಾಠವನ್ನು ಓದದ ಅರ್ಥಶಾಸ್ತ್ರದ ವಿದ್ಯಾರ್ಥಿಯಿಲ್ಲ. ಆದರೆ ಒಂದೆರಡು ಸರಳ ಕ್ರಿಯೆಗಳಲ್ಲೇ ಬದುಕು ಸವೆಸುವವನ ಬುದ್ಧಿ ಮಂಕಾಗುತ್ತದೆಂದು ಅದೇ ಗ್ರಂಥದ ಕೊನೆಯ ಭಾಗದಲ್ಲಿ ಆತ ನೀಡಿದ ಎಚ್ಚರಿಕೆಯತ್ತ ಗಮನ ಹರಿಸುವವರು ವಿರಳ.

ಕೈಯಿಂದಲೇ ತಯಾರಿಸುವ ಪುಟ್ಟ ಪತ್ರಿಕೆ ಆ ಎಚ್ಚರಿಕೆಗೆ ಒಂದು ಉತ್ತರ. ಇಲ್ಲಿ ಲೇಖಕ, ಸಂಪಾದಕ, ಚಿತ್ರಕಾರ, ವಿತರಕ ಎಲ್ಲರೂ ಒಬ್ಬನೇ. ಇಂಗ್ಲಿಷಿನಲ್ಲಿ ಇದಕ್ಕೆ 'ಝೀನ್' ಎಂದು ಹೆಸರು. 1930ರಲ್ಲಿ ಷಿಕಾಗೋದ ವಿಜ್ಞಾನಾಸಕ್ತರು ಹೊರತಂದ 'ದಿ ಕಾಮೆಟ್' ಈ ಪರಂಪರೆಯ ಆರಂಭವೆಂದು ಪರಿಗಣಿತವಾಗಿದೆ. 1976ರಲ್ಲಿ ಲಂಡನ್ನಿನ ಬ್ಯಾಂಕ್ ಗುಮಾಸ್ತ ಮಾರ್ಕ್ ಪೆರಿ ತನ್ನ ಮೆಚ್ಚಿನ ಸಂಗೀತದ ಬಗ್ಗೆ 'ಸ್ನಿಫಿನ್ ಗ್ಲೂ' ಆರಂಭಿಸಿದ. ನಮಗೂ ಇದು ಅಪರಿಚಿತವಲ್ಲ. ಶಾಲೆ, ಹಾಸ್ಟೆಲುಗಳಲ್ಲಿ ಕೈಯಿಂದ ಕೈಗೆ ದಾಟುತ್ತಿದ್ದ ಕೈಬರಹದ ಪತ್ರಿಕೆಗಳನ್ನು ನನ್ನ ತಲೆಮಾರಿನವರು ಬಲ್ಲರು.

ತಯಾರಿಕೆ ಸುಲಭ. ಎ-4 ಹಾಳೆಯನ್ನು ಮೂರು ಬಾರಿ ಅರ್ಧಕ್ಕೆ ಮಡಚಿ ಬಿಡಿಸಿದರೆ ಎಂಟು ಮನೆಗಳಾಗುತ್ತವೆ. ಉದ್ದದ ನಡುಮಡಿಕೆಯನ್ನು ಎರಡೂ ತುದಿಗಳಲ್ಲಿ ಒಂದೊಂದು ಮನೆಯಷ್ಟು ಬಿಟ್ಟು ಕತ್ತರಿಸಿ, ಮತ್ತೆ ಮಡಚಿದರೆ ಎಂಟು ಪುಟಗಳ ಪುಸ್ತಿಕೆ ಸಿದ್ಧ. ಹೊಲಿಗೆ ಬೇಡ, ಅಂಟು ಬೇಡ. ಬರಹವೆಲ್ಲ ಹಾಳೆಯ ಒಂದೇ ಮಗ್ಗುಲಲ್ಲಿರುವುದರಿಂದ ಒಂದು ಜೆರಾಕ್ಸ್ ತೆಗೆದರೆ ಇಡೀ ಪತ್ರಿಕೆಯ ಒಂದು ಪ್ರತಿ ಕೈಗೆ ಬರುತ್ತದೆ.

ನಿವೃತ್ತಿಯ ನಂತರ ನಾನು ಇಂಥ ಕೆಲವನ್ನು ತಯಾರಿಸಿದ್ದೇನೆ. ಅವುಗಳಲ್ಲೊಂದು 2002-03ರ ಬರಗಾಲವನ್ನು ಕುರಿತದ್ದು. ಗೋಶಾಲೆಗೆ ಬಂದ ದನಗಳ ಸಂಖ್ಯೆ, ಹಂಚಿದ ಮೇವಿನ ತೂಕ ಅಂದಿನ ಕಡತಗಳಲ್ಲಿ ದಾಖಲಾಗಿವೆ. ಒಂದೇ ಎಮ್ಮೆಯನ್ನು ಹೊಡೆದುಕೊಂಡು ಬಂದು, ಅದರ ಪಕ್ಕದಲ್ಲೇ ರಾತ್ರಿಗಳನ್ನು ಕಳೆದ ಮುದುಕಿಗೆ ಯಾವ ನಮೂನೆಯಲ್ಲೂ ಅಂಕಣವಿರಲಿಲ್ಲ. ಅವಳಿಗೆ ನಾನು ಎರಡು ಪುಟಗಳನ್ನು ಮೀಸಲಿಟ್ಟೆ. ಇಪ್ಪತ್ತು ಪ್ರತಿ ಮಾಡಿಸಿ ಹಳೆಯ ಸಹೋದ್ಯೋಗಿಗಳಿಗೆ ಕಳುಹಿಸಿದೆ. ಅವರಲ್ಲಿ ಮೂವರು ತಮ್ಮ ನೆನಪುಗಳನ್ನೂ ಬರೆದು ಕಳುಹಿಸಿದರು. ಅದು ಎರಡನೆಯ ಸಂಚಿಕೆಯಾಯಿತು.

ಮೊಬೈಲಿನಲ್ಲಿ ಕ್ಷಣಾರ್ಧದಲ್ಲಿ ಸಾವಿರ ಜನರನ್ನು ತಲುಪಬಹುದಲ್ಲವೇ ಎಂದು ಕೇಳಬಹುದು. ನಿಜ, ಅಲ್ಲಿ ಜಾಗಕ್ಕೆ ಕೊರತೆಯಿಲ್ಲ. ಆದರೆ ಕೊರತೆಯಿದ್ದಲ್ಲಿ ಮಾತ್ರ ಆಯ್ಕೆಯ ಪ್ರಶ್ನೆ ಏಳುತ್ತದೆ ಎಂಬುದು ಅರ್ಥಶಾಸ್ತ್ರದ ಮೊದಲ ಪಾಠ. ಎಂಟೇ ಪುಟಗಳಿರುವಾಗ ಯಾವುದನ್ನು ಹೇಳಬೇಕು, ಯಾವುದನ್ನು ಬಿಡಬೇಕು ಎಂದು ಯೋಚಿಸಲೇಬೇಕು. ಆ ಯೋಚನೆಯೇ ಇದರ ನಿಜವಾದ ಲಾಭ.

ಶಾಲೆಗಳೂ ಬಡಾವಣೆಯ ಗ್ರಂಥಾಲಯಗಳೂ ಇಂಥ ಪತ್ರಿಕೆಗಳಿಗೆ ಒಂದು ಕಪಾಟನ್ನು ಮೀಸಲಿಡಲಿ. ಇದನ್ನು ಸ್ಪರ್ಧೆಯಾಗಿಸುವುದು, ಅಂಕ ನೀಡುವುದು ಮಾತ್ರ ಬೇಡ. ಮಕ್ಕಳ ದಿನಚರಿಯಲ್ಲಿ ಅಳತೆಗೆ ಸಿಗದ ಕೆಲಸವೊಂದಾದರೂ ಉಳಿಯಲಿ.