ತಾಂಡಾದ ಮಾತು, ಶಾಲೆಯ ಮಾತು: ನಡುವಿನ ಮಕ್ಕಳಿಗೆ ಬೇಕಾದದ್ದೇನು?

ಸುಗ್ಗಿಯ ದಿನ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಕನ್ನಡದ ಜೊತೆಗೆ ಇನ್ನೂ ಹಲವು ಮಾತುಗಳು ಕಿವಿಗೆ ಬೀಳುತ್ತವೆ. ಬಳ್ಳಾರಿ, ರಾಯಚೂರು ಸೀಮೆಯಿಂದಲೂ ಗಡಿಯಾಚೆಯ ಆಂಧ್ರದಿಂದಲೂ ಮಾಲು ತರುವ ರೈತರ ತೆಲುಗು, ಹಮಾಲರ ಉರ್ದು, ತಾಂಡಾಗಳಿಂದ ಕೂಲಿಗೆ ಬರುವ ಹೆಣ್ಣುಮಕ್ಕಳ ಲಂಬಾಣಿ ಎಲ್ಲ ಬೆರೆತೇ ಅಲ್ಲಿ ವ್ಯಾಪಾರ ಕುದುರುತ್ತದೆ. ಯಾರ ಮಾತೂ ಅಡ್ಡಿಯೆನಿಸುವುದಿಲ್ಲ. ಆದರೆ ಇದೇ ಜನರ ಮಕ್ಕಳು ಶಾಲೆಯ ಹೊಸ್ತಿಲು ದಾಟಿದೊಡನೆ ಲೆಕ್ಕ ಬದಲಾಗುತ್ತದೆ. ಮನೆಯ ಮಾತು ಅಲ್ಲಿ ಉಚ್ಚಾರದ ದೋಷವಾಗುತ್ತದೆ, ಮನೆಯ ಹಬ್ಬ ವಾರ್ಷಿಕೋತ್ಸವದ ಒಂದು ಕುಣಿತವಾಗಿ ಮುಗಿಯುತ್ತದೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಸುತ್ತಮುತ್ತ ಹೀಗೆ ಎರಡು ಲೋಕಗಳ ನಡುವೆ ಬೆಳೆಯುತ್ತಿರುವ ಮಕ್ಕಳು ಬಹಳ. ತಾನು ಯಾರು ಎಂಬ ಪ್ರಶ್ನೆಗೆ ಇಂಥ ಮಗು ಉತ್ತರ ಕಂಡುಕೊಳ್ಳುವುದು ಹೇಗೆ? ಕತೆಯನ್ನೋ ಹಾಡನ್ನೋ ಚಿತ್ರವನ್ನೋ ನಾಟಕವನ್ನೋ ತಾನೇ ಕಟ್ಟುವುದರಿಂದ ಎಂಬುದು ನನ್ನ ವಾದ. ನಮ್ಮ ಶಾಲೆಗಳು ಈಗ ಮಾಡಿಸುತ್ತಿರುವುದು ಬಹುಪಾಲು ಪ್ರದರ್ಶನವನ್ನು. ಪ್ರದರ್ಶನಕ್ಕೂ ರಚನೆಗೂ ಇರುವ ಅಂತರದಲ್ಲೇ ಈ ಮಕ್ಕಳ ಪಾಡು ಅಡಗಿದೆ.

ಎರಡು ಸಂಸ್ಕೃತಿಗಳ ನಡುವೆ ಬೆಳೆಯುವ ಮಕ್ಕಳ ಅಧ್ಯಯನಕ್ಕೂ ಭಾರತಕ್ಕೂ ಹಳೆಯ ನಂಟಿದೆ. 1950ರ ದಶಕದಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞೆ ರೂತ್ ಹಿಲ್ ಯೂಸೀಮ್ ಭಾರತಕ್ಕೆ ಬಂದು, ಇಲ್ಲಿ ನೆಲೆಸಿದ್ದ ಅಮೆರಿಕನ್ ಕುಟುಂಬಗಳನ್ನು ಗಮನಿಸಿದರು. ಆ ಮಕ್ಕಳು ಪೂರ್ತಿ ಅಮೆರಿಕದವರೂ ಅಲ್ಲ, ಪೂರ್ತಿ ಭಾರತದವರೂ ಅಲ್ಲ. ಎರಡರಿಂದಲೂ ಪಡೆದು ಮೂರನೆಯದೊಂದನ್ನು ರೂಪಿಸಿಕೊಳ್ಳುತ್ತಾರೆ ಎಂದು ಕಂಡು ಅವರನ್ನು ‘ಮೂರನೇ ಸಂಸ್ಕೃತಿಯ ಮಕ್ಕಳು’ ಎಂದು ಕರೆದರು. ಅಂದಿನಿಂದ ಈ ಮಾತು ರಾಯಭಾರಿಗಳ, ಪಾದ್ರಿಗಳ, ಕಂಪನಿ ಅಧಿಕಾರಿಗಳ ಮಕ್ಕಳಿಗೆ ಅಂಟಿಕೊಂಡಿದೆ. ನಮ್ಮಲ್ಲೂ ಈ ವಿಷಯ ಬಂದರೆ ನೆನಪಾಗುವವರು ಅಮೆರಿಕದ ಕನ್ನಡ ಮಕ್ಕಳೇ. ಅಲ್ಲಿ ವಾರಾಂತ್ಯಕ್ಕೆ ಕನ್ನಡ ತರಗತಿ ನಡೆಯುತ್ತದೆ, ಅಲ್ಲಿನ ಕನ್ನಡ ಕೂಟಗಳ ‘ಅಕ್ಕ’ ಸಮ್ಮೇಳನದಲ್ಲಿ ಮಕ್ಕಳು ತೊದಲುತ್ತಲೇ ಕನ್ನಡ ಪದ್ಯ ಹೇಳುತ್ತಾರೆ, ನಾವು ಕಣ್ತುಂಬಿ ಚಪ್ಪಾಳೆ ತಟ್ಟುತ್ತೇವೆ. ಮನೆಮಾತನ್ನು ಉಳಿಸಿಕೊಂಡೇ ಇನ್ನೊಂದು ದೇಶದಲ್ಲಿ ಬೆಳೆಯುವುದು ಆ ಮಗುವಿಗೆ ಹೆಗ್ಗಳಿಕೆಯಾದರೆ, ಮನೆಯಲ್ಲಿ ಲಂಬಾಣಿ ಆಡಿ ಶಾಲೆಯಲ್ಲಿ ಕನ್ನಡ ಕಲಿಯುವ ರಾಣೆಬೆನ್ನೂರು ತಾಲ್ಲೂಕಿನ ಮಗುವಿಗೆ ಅದೇ ಸಂಗತಿ ಕೊರತೆಯಾಗುವುದು ಯಾವ ನ್ಯಾಯ?

ತಾಂಡಾದ ಮಗುವಿನ ಸ್ಥಿತಿ ಒಂದು ದೃಷ್ಟಿಯಲ್ಲಿ ಅಮೆರಿಕದ ಮಗುವಿಗಿಂತ ಕಠಿಣ. ಹೊರದೇಶದ ಕನ್ನಡ ಮಗುವಿನ ಮನೆಮಾತಿಗೆ ಲಿಪಿಯಿದೆ, ಪುಸ್ತಕವಿದೆ, ಬೆನ್ನಿಗೊಂದು ರಾಜ್ಯವಿದೆ. ಲಂಬಾಣಿಗೆ ಸ್ವಂತ ಲಿಪಿಯಿಲ್ಲ, ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ಅದಕ್ಕೆ ಜಾಗವಿಲ್ಲ. 2011ರ ಜನಗಣತಿಯಲ್ಲಿ ಲಮಾಣಿ ಅಥವಾ ಲಂಬಾಡಿ ತಮ್ಮ ತಾಯ್ನುಡಿ ಎಂದು ಬರೆಸಿದವರು ದೇಶದಲ್ಲಿ 32 ಲಕ್ಷಕ್ಕೂ ಹೆಚ್ಚು. ಅವರನ್ನೆಲ್ಲ ಲೆಕ್ಕಕ್ಕೆ ಹಿಡಿದದ್ದು ಹಿಂದಿಯ ಅಡಿಯಲ್ಲಿ. ಇದರ ಮೇಲೆ ಗುಳೆ ಬೇರೆ. ಮಳೆಗಾಲ ಮುಗಿದ ಮೇಲೆ ಕಬ್ಬು ಕಡಿಯಲು, ಕಾಫಿ ತೋಟಕ್ಕೆ, ಗೋವಾದ ಕಟ್ಟಡ ಕೆಲಸಕ್ಕೆ ಹೊರಡುವ ಹೆತ್ತವರ ಜೊತೆ ಮಗುವೂ ಹೊರಟರೆ ಮೂರನೆಯ, ನಾಲ್ಕನೆಯ ಭಾಷೆಯೂ ತಲೆಗೆ ಸೇರುತ್ತದೆ. ಇಷ್ಟನ್ನು ಹೊತ್ತುಕೊಂಡು ಮರಳುವ ಮಗುವಿಗೆ ಹೇಳಲು ಬೇಕಾದಷ್ಟಿರುತ್ತದೆ. ಹೇಳುವುದಕ್ಕೆ ಶಾಲೆಯ ದಿನಚರಿಯಲ್ಲಿ ಒಂದು ಗಳಿಗೆಯೂ ಮೀಸಲಿರುವುದಿಲ್ಲ.

ಹಾಗೆಂದು ಶಾಲೆಗಳು ಸಂಸ್ಕೃತಿಯನ್ನು ಮರೆತಿವೆ ಎನ್ನಲಾಗದು. ಪ್ರತಿಭಾ ಕಾರಂಜಿಯಲ್ಲಿ ಛದ್ಮವೇಷವಿದೆ, ಕಂಠಪಾಠವಿದೆ, ಜನಪದ ಗೀತೆಯಿದೆ. ಆಗಸ್ಟ್ 15ಕ್ಕೋ ಜನವರಿ 26ಕ್ಕೋ ಕನ್ನಡಿ ಬಿಲ್ಲೆಯ ಲಂಬಾಣಿ ಉಡುಪು ತೊಟ್ಟ ನೃತ್ಯ ಇಲ್ಲದ ಶಾಲೆ ಈ ಭಾಗದಲ್ಲಿ ವಿರಳ. ಆ ಉಡುಪನ್ನು ಬಾಡಿಗೆಗೆ ತಂದು ಯಾವ ಮಗುವಿಗೂ ತೊಡಿಸಬಹುದು, ಧ್ವನಿಮುದ್ರಿತ ಹಾಡಿಗೆ ಯಾವ ಮಗುವೂ ಕುಣಿಯಬಹುದು. ತಾಂಡಾದ ಮಗುವಿಗೆ ಅಲ್ಲಿ ವಿಶೇಷವಾಗಿ ಹೇಳುವಂಥದ್ದೇನೂ ಇರುವುದಿಲ್ಲ. ದೀಪಾವಳಿಯಲ್ಲಿ ತಾಂಡಾದ ಹುಡುಗಿಯರು ದೀಪ ಹಿಡಿದು ಮನೆಮನೆಗೆ ಹೋಗಿ ಹಿರಿಯರಿಗೆ ಮೇರಾ ಎಂಬ ಹಾಡು ಹೇಳುವ ಪದ್ಧತಿಯಿದೆ. ತೀಜ್ ಹಬ್ಬದಲ್ಲಿ ಅವರೇ ಬುಟ್ಟಿಗಳಲ್ಲಿ ಗೋಧಿ ಸಸಿ ಬೆಳೆಸಿ, ಹಾಡಿ, ವಿಸರ್ಜಿಸುತ್ತಾರೆ. ಹೀಗೆ ಹಾಡಿ ಬೆಳೆದ ಹುಡುಗಿ, ಈ ವರ್ಷ ಅಕ್ಕ ಮದುವೆಯಾಗಿ ಹೋದ ಮೇಲೆ ಮೇರಾ ಹೇಗಿತ್ತು ಎಂದು ತನ್ನ ಮಾತಿನಲ್ಲಿ ಬರೆದು, ಅದನ್ನೇ ಕನ್ನಡದಲ್ಲೂ ಹೇಳಿದರೆ ಅಲ್ಲೊಂದು ರಚನೆ ಹುಟ್ಟುತ್ತದೆ. ವೇಷ ಹಾಕಿದಾಗ ಮಗು ಬೇರೆಯವರ ಕಣ್ಣಿಗೆ ತಾನು ಹೇಗೆ ಕಾಣುತ್ತೇನೆಂದು ಕಲಿಯುತ್ತದೆ. ಬರೆದಾಗ ತನ್ನ ಕಣ್ಣಿಗೆ ಲೋಕ ಹೇಗೆ ಕಾಣುತ್ತದೆ ಎಂಬುದನ್ನು ಕಂಡುಕೊಳ್ಳುತ್ತದೆ. ಗುರುತು ಹುಟ್ಟುವುದು ಈ ಎರಡನೆಯದರಿಂದ.

ಇದಕ್ಕೆ ದೊಡ್ಡ ಸಾಕ್ಷಿ ಹಾವೇರಿ ಜಿಲ್ಲೆಯಲ್ಲೇ ಇದೆ. 1819ರಲ್ಲಿ ಶಿಗ್ಗಾವಿ ತಾಲ್ಲೂಕಿನ ಶಿಶುವಿನಹಾಳದಲ್ಲಿ ಇಮಾಮ್ ಸಾಹೇಬರ ಮಗನಾಗಿ ಹುಟ್ಟಿದ ಶರೀಫ ಬೆಳೆದದ್ದು ಹುಲಗೂರಿನ ಸೂಫಿ ಸಂತ ಖಾದರಿಯವರನ್ನು ನಂಬಿದ ಮನೆಯಲ್ಲಿ. ಗುರುವಾಗಿ ದೊರೆತವರು ಕಳಸದ ಗೋವಿಂದ ಭಟ್ಟರು. ಶರೀಫರು ಈ ಎರಡು ಪರಂಪರೆಗಳಲ್ಲಿ ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೋದವರಲ್ಲ. ಮುಲ್ಕಿ ಪರೀಕ್ಷೆ ಪಾಸಾಗಿ ಮಾಸ್ತರಿಕೆ ಮಾಡಿದ ಅವರು ತತ್ವಪದ ಕಟ್ಟಿದರು, ಮೊಹರಂನ ಪದಗಳನ್ನೂ ಕಟ್ಟಿದರು. ಉತ್ತರ ಕರ್ನಾಟಕದಲ್ಲಿ ಇಂದಿಗೂ ಮೊಹರಂ ಬಂದರೆ ಹಿಂದೂ ಮುಸ್ಲಿಮರು ಕೂಡಿ ರಿವಾಯತ ಹಾಡುತ್ತಾರೆ. ಕರ್ಬಲಾದ ಕತೆ ಅಚ್ಚ ಹಳ್ಳಿಗನ್ನಡದಲ್ಲಿ, ನಮ್ಮ ಹೊಲ ಮನೆಗಳ ಹೋಲಿಕೆಗಳೊಡನೆ ಬರುತ್ತದೆ. ಈ ಹಾಡಿನ ಪ್ರಕಾರ ಅರಬ್ಬಿಯದೂ ಅಲ್ಲ, ಹಳೆಗನ್ನಡ ಕಾವ್ಯದ್ದೂ ಅಲ್ಲ. ಎರಡು ಲೋಕಗಳ ನಡುವೆ ಬದುಕಿದವರು ತಮಗೆ ಬೇಕಾಗಿ ಮಾಡಿಕೊಂಡದ್ದು ಅದು. ಯೂಸೀಮ್ ಮೂರನೆಯ ಸಂಸ್ಕೃತಿ ಎಂದದ್ದನ್ನು ನಮ್ಮ ಹಳ್ಳಿಗಳು ಅದಕ್ಕೂ ಮೊದಲೇ ಹಾಡಿ ತೋರಿಸಿದ್ದವು.

ಶರೀಫರ ನಂತರವೂ ಈ ನೆಲ ಅದೇ ಕೆಲಸ ಮಾಡಿದೆ. ಮುಂಬಯಿ ಪ್ರಾಂತ್ಯದಲ್ಲಿದ್ದ ಈ ಸೀಮೆಯ ಮೇಲೆ ಮರಾಠಿಯ ಪ್ರಭಾವ ದಟ್ಟವಾಗಿದ್ದ ಕಾಲದಲ್ಲಿ ಗಳಗನಾಥದ ವೆಂಕಟೇಶ ತಿರಕೋ ಕುಲಕರ್ಣಿಯವರು ಹರಿ ನಾರಾಯಣ ಆಪ್ಟೆಯವರ ಮರಾಠಿ ಕಾದಂಬರಿಗಳನ್ನು ಕನ್ನಡಕ್ಕೆ ಇಳಿಸಿದರು, ಊರೂರಿಗೆ ಪುಸ್ತಕ ಹೊತ್ತು ಮಾರಿದರು, ಕನ್ನಡಕ್ಕೆ ಓದುಗರನ್ನೇ ಸೃಷ್ಟಿಸಿದರು. ನವಾಬರ ಸಂಸ್ಥಾನವಾಗಿದ್ದ ಸವಣೂರಿನಲ್ಲಿ 1909ರಲ್ಲಿ ಹುಟ್ಟಿದ ವಿ.ಕೃ. ಗೋಕಾಕರು ಇಂಗ್ಲಿಷ್ ಪ್ರಾಧ್ಯಾಪಕರಾದರು, ಕನ್ನಡ ಇಂಗ್ಲಿಷ್ ಎರಡರಲ್ಲೂ ಬರೆದರು. ಜಿಲ್ಲೆಯ ಆಚೆಗೆ ನೋಡಿದರೆ, ಧಾರವಾಡದ ಬೇಂದ್ರೆಯವರ ಮನೆಮಾತು ಮರಾಠಿ, ಮಾಸ್ತಿಯವರದು ತಮಿಳು, ಗಿರೀಶ ಕಾರ್ನಾಡರದು ಕೊಂಕಣಿ. ಕಾಸರಗೋಡಿನ ಸಾರಾ ಅಬೂಬಕ್ಕರ್ ಮಲಯಾಳಂ ಆಡುವ ಮನೆಯಿಂದ ಬಂದು ಕನ್ನಡ ಶಾಲೆಯಲ್ಲಿ ಓದಿ ‘ಚಂದ್ರಗಿರಿಯ ತೀರದಲ್ಲಿ’ ಬರೆದರು. ಉರ್ದು ಮನೆಮಾತಿನ ಬಾನು ಮುಷ್ತಾಕ್ ಅವರನ್ನು ಎಂಟನೇ ವಯಸ್ಸಿಗೆ ಶಿವಮೊಗ್ಗದ ಕನ್ನಡ ಮಾಧ್ಯಮ ಶಾಲೆಗೆ ಸೇರಿಸಿಕೊಂಡಾಗ ಆರು ತಿಂಗಳಲ್ಲಿ ಕನ್ನಡ ಓದಿ ಬರೆಯಲು ಕಲಿಯಬೇಕೆಂಬ ಷರತ್ತು ಹಾಕಿದ್ದರು. ಅವರ ಕನ್ನಡ ಕತೆಗಳು ದೀಪಾ ಭಾಸ್ತಿಯವರ ಅನುವಾದದಲ್ಲಿ 2025ರ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದವು. ಕನ್ನಡದ ಸಿರಿವಂತಿಕೆಯಲ್ಲಿ ಈ ನಡುವಿನ ಮಕ್ಕಳ ಗಳಿಕೆ ಸಣ್ಣದಲ್ಲ.

ಇಲ್ಲಿ ಒಂದು ಆಕ್ಷೇಪ ಏಳುವುದು ಸಹಜ. ಇವರೆಲ್ಲ ಅಸಾಧಾರಣ ಪ್ರತಿಭೆಯವರು, ಅವರ ಉದಾಹರಣೆ ಕೊಟ್ಟು ಐದನೇ ತರಗತಿಯ ಸಾಮಾನ್ಯ ಮಗುವಿನ ಬಗ್ಗೆ ಏನು ಹೇಳಲಾದೀತು? ಒಪ್ಪತಕ್ಕ ಪ್ರಶ್ನೆ. ಆದ್ದರಿಂದ ಸಾಮಾನ್ಯ ತರಗತಿಗಳಲ್ಲಿ ನಡೆದದ್ದನ್ನೇ ನೋಡೋಣ. ಕೆನಡಾದ ಟೊರೊಂಟೊ ಸುತ್ತಲಿನ ಶಾಲೆಗಳಲ್ಲಿ ಶಿಕ್ಷಣತಜ್ಞ ಜಿಮ್ ಕಮಿನ್ಸ್ ಮತ್ತು ಜೊತೆಗಾರ ಶಿಕ್ಷಕರು ವಲಸೆ ಕುಟುಂಬಗಳ ಮಕ್ಕಳಿಂದ ಎರಡು ಭಾಷೆಯ ಪುಸ್ತಕಗಳನ್ನು ಬರೆಸಿದರು. ಒಂದು ಪುಟದಲ್ಲಿ ಉರ್ದು, ಎದುರು ಪುಟದಲ್ಲಿ ಇಂಗ್ಲಿಷ್, ನಡುವೆ ಮಕ್ಕಳದೇ ಚಿತ್ರ. ಇಂಗ್ಲಿಷ್ ಇನ್ನೂ ಬಾರದ ಹೊಸ ಹುಡುಗಿಯೂ ಗೆಳತಿಯರೊಡನೆ ಕೂತು ತನ್ನ ವಲಸೆಯ ಕತೆಗೆ ಲೇಖಕಿಯಾದಳು. ಇಲ್ಲವಾದರೆ ತಿಂಗಳುಗಟ್ಟಲೆ ಬಾಯಿ ಬಿಡದೆ ಕೂರಬೇಕಾಗಿತ್ತು. ದೂರದ ಮಾತೇಕೆ, ಒಡಿಶಾ ಸರ್ಕಾರ 2006-07ರಲ್ಲೇ ಹತ್ತು ಬುಡಕಟ್ಟು ಭಾಷೆಗಳಲ್ಲಿ ಬಹುಭಾಷಾ ಶಿಕ್ಷಣ ಆರಂಭಿಸಿತು. ಊರಿನ ಕತೆ, ಹಾಡು, ಒಗಟುಗಳು ಪಾಠವಾದವು. ಅಲ್ಲಿನ ಮಕ್ಕಳು ಶರೀಫರಾಗಲಿ ಎಂಬುದು ಯಾರ ಉದ್ದೇಶವೂ ಆಗಿರಲಿಲ್ಲ. ತರಗತಿಯಲ್ಲಿ ಬಾಯಿ ಬಿಡಲಿ ಎಂಬಷ್ಟೇ ಉದ್ದೇಶ. ಸಾಮಾನ್ಯ ಮಗುವಿಗೆ ಮೊದಲು ಬೇಕಾದದ್ದೂ ಅದೇ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿ. ಇಂಗ್ಲಿಷಿನ ಒತ್ತಡದಲ್ಲಿ ಕನ್ನಡವೇ ಸೊರಗುತ್ತಿರುವಾಗ ಶಾಲೆಗೆ ಲಂಬಾಣಿ, ಉರ್ದು, ತೆಲುಗು ತಂದರೆ ಕನ್ನಡದ ಗತಿಯೇನು, ಮಗುವಿಗೂ ಗೊಂದಲವಾಗದೆ ಎಂಬುದು ಅದು. ಗೊಂದಲದ ಭಯ ಬಹಳ ಹಳೆಯದು. 1962ರಲ್ಲಿ ಮಾಂಟ್ರಿಯಲ್‌ನಲ್ಲಿ ಎಲಿಜಬೆತ್ ಪೀಲ್ ಮತ್ತು ವ್ಯಾಲೇಸ್ ಲ್ಯಾಂಬರ್ಟ್ ಹತ್ತು ವರ್ಷದ ಮಕ್ಕಳನ್ನು ಪರೀಕ್ಷಿಸಿದಾಗ, ಎರಡು ಭಾಷೆ ಚೆನ್ನಾಗಿ ಬಲ್ಲವರು ಒಂದೇ ಭಾಷೆಯವರಿಗಿಂತ ಹಿಂದೆ ಬೀಳುವ ಬದಲು ಮುಂದಿದ್ದರು. ಆ ಮೇಲುಗೈ ಎಷ್ಟರಮಟ್ಟಿನದು ಎಂಬ ಬಗ್ಗೆ ಇಂದಿಗೂ ಚರ್ಚೆ ನಡೆಯುತ್ತಿದೆ. ಎರಡು ಭಾಷೆಯಿಂದ ಬುದ್ಧಿ ಮಂಕಾಗುತ್ತದೆ ಎಂಬ ಹಳೆಯ ನಂಬಿಕೆಗೆ ಮಾತ್ರ ಆಧಾರ ಉಳಿದಿಲ್ಲ. ಇನ್ನು ಕನ್ನಡದ ಹಿತ. ಶಾಲೆಗಳಲ್ಲಿ ಕನ್ನಡಕ್ಕೆ ಅಗ್ರಸ್ಥಾನ ಸಿಗಬೇಕೆಂದು 1981ರಲ್ಲಿ ವರದಿ ಕೊಟ್ಟ ಸಮಿತಿಯ ಅಧ್ಯಕ್ಷರು ಎರಡು ಭಾಷೆಗಳಲ್ಲಿ ಬರೆಯುತ್ತಿದ್ದ ಅದೇ ಗೋಕಾಕರು. ಇನ್ನೊಂದು ಭಾಷೆಯ ಒಡನಾಟ ಅವರ ಕನ್ನಡ ನಿಷ್ಠೆಯನ್ನು ಸಡಿಲಿಸಲಿಲ್ಲ. ಮನೆಮಾತಿಗೆ ಅವಮಾನವಾದ ಕಡೆ ಮಗು ಶಾಲೆಯ ಭಾಷೆಯನ್ನು ಪ್ರೀತಿಸಿ ಕಲಿಯುವುದು ಕಷ್ಟ. ಲಂಬಾಣಿಯ ಕತೆಯನ್ನು ಕನ್ನಡ ಲಿಪಿಯಲ್ಲಿ ಬರೆದು, ಪಕ್ಕದಲ್ಲೇ ಕನ್ನಡಕ್ಕೆ ತಿರುಗಿಸುವ ಮಗು ಕನ್ನಡದ ಲಿಪಿಯನ್ನೂ ವಾಕ್ಯವನ್ನೂ ಎರಡೆರಡು ಸಲ ತಿದ್ದುತ್ತದೆ. ಕನ್ನಡಕ್ಕೆ ಇದರಲ್ಲಿ ನಷ್ಟವಿಲ್ಲ.

ಮೂರನೆಯ ಆಕ್ಷೇಪವನ್ನು ಎತ್ತುವವರು ಹೆಚ್ಚಾಗಿ ಹೆತ್ತವರೇ. ತಾಂಡಾ ಬಿಟ್ಟು ಮೇಲೆ ಬರಲೆಂದು ಮಗುವನ್ನು ಶಾಲೆಗೆ ಕಳಿಸಿದರೆ, ನೀವು ಮತ್ತೆ ತಾಂಡಾವನ್ನೇ ನೆನಪಿಸುತ್ತೀರಲ್ಲ ಎಂದು ಅವರು ಕೇಳುತ್ತಾರೆ. ಜಾತಿಯ ಹೆಸರಲ್ಲಿ ಹೀಯಾಳಿಕೆ ಉಂಡವರಿಗೆ ಈ ಅಂಜಿಕೆ ಇರುವುದು ಸಹಜ, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದ್ದರಿಂದಲೇ ಸಮುದಾಯದ ಬಗ್ಗೆ ಬರೆ ಎಂದು ಮಗುವಿಗೆ ಅಪ್ಪಣೆ ಮಾಡುವುದು ತಪ್ಪು. ಅದು ಛದ್ಮವೇಷದ ಇನ್ನೊಂದು ರೂಪವಾದೀತು. ಮಗು ಕ್ರಿಕೆಟ್ ಬಗ್ಗೆ ಬರೆಯಲಿ, ದೆವ್ವದ ಕತೆ ಕಟ್ಟಲಿ, ಟ್ರ್ಯಾಕ್ಟರಿನ ಚಿತ್ರ ಬಿಡಿಸಲಿ. ಅದರಲ್ಲಿ ಅಜ್ಜಿಯ ಮಾತು ಬಂದರೆ ಕೆಂಪು ಶಾಯಿಯಿಂದ ಹೊಡೆಯದಿದ್ದರೆ ಸಾಕು. ಏನನ್ನು ಹೇಳಬೇಕು, ಏನನ್ನು ಮುಚ್ಚಿಡಬೇಕು ಎಂಬ ಅಧಿಕಾರ ಲೇಖಕನಿಗೆ ಇರುವಂತೆ ಆ ಮಗುವಿಗೂ ಇರಬೇಕು. ಗುರುತನ್ನು ಹೊರಿಸಿದರೆ ಅದು ಹೊರೆಯಾಗುತ್ತದೆ, ಆರಿಸಿ ಕಟ್ಟಿಕೊಂಡರೆ ಬೆನ್ನೆಲುಬಾಗುತ್ತದೆ.

ಇದಕ್ಕೆ ದೊಡ್ಡ ಯೋಜನೆ, ಹೊಸ ಕಟ್ಟಡ ಬೇಕಿಲ್ಲ. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಸೌಲಭ್ಯ ಕೊಡಬೇಕೆಂದು ಸಂವಿಧಾನದ 350ಎ ವಿಧಿ 1956ರಿಂದಲೇ ಹೇಳುತ್ತಿದೆ. ಜನಪದಕ್ಕೆಂದೇ ಸ್ಥಾಪಿಸಿದ ವಿಶ್ವವಿದ್ಯಾಲಯ ಇದೇ ಜಿಲ್ಲೆಯ ಗೊಟಗೋಡಿಯಲ್ಲಿದೆ. ನಾಟಕದಿಂದಲೇ ಹೆಸರು ಮಾಡಿದ ಶೇಷಗಿರಿಯಂಥ ಹಳ್ಳಿ ಹಾನಗಲ್ ತಾಲ್ಲೂಕಿನಲ್ಲಿದೆ. ಹಾಡು ಬಲ್ಲ ಅಜ್ಜಿಯರು ತಾಂಡಾಗಳಲ್ಲೂ ರಿವಾಯತ ಬಲ್ಲ ಹಿರಿಯರು ಮಸೀದಿಯ ಓಣಿಗಳಲ್ಲೂ ಇದ್ದಾರೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಶಿಕ್ಷಕರಲ್ಲಿ ಕೇಳಿಕೊಳ್ಳುವುದು ಇಷ್ಟೇ: ಈ ವರ್ಷದ ವಾರ್ಷಿಕೋತ್ಸವಕ್ಕೆ ಒಂದು ಬಾಡಿಗೆ ವೇಷ ಕಡಿಮೆ ತನ್ನಿ. ಆ ಹಣದಲ್ಲಿ ನೂರು ಪುಟದ ಒಂದು ನೋಟ್‌ಬುಕ್ಕು ಕೊಂಡು ಮಕ್ಕಳಿಗೆ ಕೊಡಿ. ಎಡ ಪುಟದಲ್ಲಿ ಮನೆಯ ಮಾತು, ಬಲ ಪುಟದಲ್ಲಿ ಕನ್ನಡ ಬರೆಸಿ, ತುಂಬಿದ ಮೇಲೆ ಮಕ್ಕಳ ಹೆಸರು ಹಾಕಿ ಶಾಲೆಯ ಗ್ರಂಥಾಲಯದಲ್ಲಿ ಉಳಿದ ಪುಸ್ತಕಗಳ ಸಾಲಿನಲ್ಲೇ ಇಡಿ.